ಒಂಟೆ ಯಾವ ಅಕ್ಷರ? ಒಂದು ಕನ್ನಡ ಕಾರ್ಡು ಪೆಟ್ಟಿಗೆ ಬಳಸಿ ನೋಡಿದ್ದು

ಮಗಳು ಆನ್‌ಲೈನಿನಲ್ಲಿ ತರಿಸಿದ ಪೆಟ್ಟಿಗೆ ಇದು. ಬೆಲೆ 649 ರೂಪಾಯಿ. ಒಳಗೆ 49 ಕಾರ್ಡು, ಗೋಡೆಗೆ ಹಾಕುವ ಒಂದು ಚಾರ್ಟು. ಮುಚ್ಚಳದ ಮೇಲೆ '30 ದಿನದಲ್ಲಿ ಕನ್ನಡ ಓದಿ' ಅಂತ ದೊಡ್ಡದಾಗಿ ಹಾಕಿದ್ದಾರೆ. ಕಂಪನಿ ಹೆಸರು ಬೇಡ ಬಿಡಿ. ನಾನು ನೋಡಿದ ಇಂಥ ಪೆಟ್ಟಿಗೆಗಳ ಕತೆಯೆಲ್ಲಾ ಹೆಚ್ಚುಕಮ್ಮಿ ಒಂದೇ.

ನಾನು ಎಚ್.ಡಿ. ಕೋಟೆ ಕಡೆಯ ಸರ್ಕಾರಿ ಶಾಲೆಗಳಲ್ಲಿ ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡಿ ರಿಟೈರ್ ಆದವಳು. ಈಗ ಬೆಂಗಳೂರಿನಲ್ಲಿ ಮಗಳ ಮನೆ. ಸಂಜೆ ಹೊತ್ತು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ, ಮನೆಗೆಲಸದವರ ಆರು ಮಕ್ಕಳು ಪಾರ್ಕಿಂಗ್ ಪಕ್ಕದ ಕಟ್ಟೆಗೆ ಬರುತ್ತಾರೆ. ಬಿಹಾರದ ಅಣ್ಣ ತಮ್ಮ, ಕೃಷ್ಣಗಿರಿ ಕಡೆಯ ಒಬ್ಬಳು ಹುಡುಗಿ, ಅನಂತಪುರದ ಮೂವರು. ಮನೆಯಲ್ಲಿ ಭೋಜಪುರಿ, ತಮಿಳು, ತೆಲುಗು. ಆಟಕ್ಕೆ ಇಳಿದರೆ ಎಲ್ಲಾ ಸೇರಿ ಕಲಸುಮೇಲೋಗರ.

ಮೊದಲು ಹೊಗಳಿಬಿಡುತ್ತೇನೆ. ಕಾರ್ಡು ದಪ್ಪ, ಚಹಾ ಚೆಲ್ಲಿದರೂ ಒರೆಸಿದರೆ ಆಯಿತು. ಹಿಂಬದಿಯಲ್ಲಿ ಅಕ್ಷರವನ್ನು ಎಲ್ಲಿಂದ ಶುರು ಮಾಡಿ ತಿದ್ದಬೇಕು ಅಂತ ಬಾಣದ ಗುರುತಿದೆ. ತಲೆಕಟ್ಟಿಗೆ ಬೇರೆ ಬಣ್ಣ ಕೊಟ್ಟಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು. ಅನಂತಪುರದ ಮಕ್ಕಳ ಅಪ್ಪ ಗೇಟಿನ ಕೆಲಸ ಮುಗಿಸಿ ಬಂದು ಒಂದು ದಿನ ಕಾರ್ಡು ತಿರುವುತ್ತಾ ಕೂತಿದ್ದರು. ತಲೆಕಟ್ಟನ್ನು ಬೆರಳಿನಿಂದ ಮುಚ್ಚಿ 'ಇದು ನಮ್ಮ ಗ ಅಲ್ವಾ ಮೇಡಂ, ಇದು ನಮ್ಮ ದ' ಅಂದರು. ತಲೆಕಟ್ಟು ಬೇರೆ, ಮೈ ಅದೇ. ಅವತ್ತಿಂದ ಮನೆಯಲ್ಲಿ ಮಕ್ಕಳಿಗೆ ಅವರೇ ಹೇಳಿಕೊಡುತ್ತಿದ್ದಾರೆ.

ತೊಂದರೆ ಇರುವುದು ಚಿತ್ರದಲ್ಲಿ. ಒ ಅಂದರೆ ಒಂಟೆ, ಇ ಅಂದರೆ ಇಲಿ. ಚಿತ್ರ ನೋಡಿ ಹೆಸರು ಹೇಳು, ಹೆಸರಿನ ಮೊದಲ ಸದ್ದು ಹಿಡಿ, ಅದೇ ಅಕ್ಷರ. ಲೆಕ್ಕ ಚೆನ್ನಾಗಿದೆ. ಆದರೆ ಮಗುವಿಗೆ ಆ ಹೆಸರು ಕನ್ನಡದಲ್ಲಿ ಗೊತ್ತಿದ್ದರೆ ಮಾತ್ರ! ಬಿಹಾರದ ದೊಡ್ಡ ಹುಡುಗ ಒಂಟೆ ನೋಡಿ 'ಊಂಟ್' ಅಂದ. ಕಾರ್ಡನ್ನು ಸೀದಾ ಚಾರ್ಟಿನ ಊ ಮೇಲೆ ಇಟ್ಟ. ಇಲಿಗೆ ಕೃಷ್ಣಗಿರಿ ಹುಡುಗಿ 'ಎಲಿ' ಅಂದಳು, ಅನಂತಪುರದವರು 'ಎಲುಕ' ಅಂದರು. ನಾಲ್ಕು ಕೈ ಒಟ್ಟಿಗೆ ಎ ಮೇಲೆ ಬಿತ್ತು. ಆನೆಗೆ 'ಏನುಗು' ಅಂತ ಒಬ್ಬ ಏ ಹತ್ತಿರ ಹೋದ. ಹೇಳಿ, ಇದರಲ್ಲಿ ಯಾರದು ತಪ್ಪು? ಮೊದಲ ಸದ್ದು ಎಲ್ಲರೂ ಸರಿಯಾಗಿಯೇ ಹಿಡಿದಿದ್ದಾರೆ. ಪೆಟ್ಟಿಗೆಯ ಲೆಕ್ಕದಲ್ಲಿ ಮಾತ್ರ ಎಲ್ಲರೂ ದಡ್ಡರು.

ಎಲ್ಲರೂ ಗೆದ್ದ ಕಾರ್ಡು ಒಂದಿದೆ, ಅ. ಅದರಲ್ಲಿ ಅಗಸನ ಬದಲು ಅನಾನಸ್ ಹಾಕಿದ್ದಾರೆ. ಹಿಂದಿಯಲ್ಲಿ ಅನಾನಾಸ್, ತೆಲುಗಿನಲ್ಲಿ ಅನಾಸ, ತಮಿಳಿನಲ್ಲಿ ಅನ್ನಾಸಿ. ಬೇಕೂಂತ ಹಾಕಿದ್ದೋ, ಸುಮ್ನೆ ಬಣ್ಣ ಚೆನ್ನಾಗಿದೆ ಅಂತ ಹಾಕಿದ್ದೋ! ಇಂಥವು ಇನ್ನೊಂದು ಹತ್ತು ಹುಡುಕಿದ್ದರೆ ಪೆಟ್ಟಿಗೆಯ ಹಣೆಬರಹವೇ ಬೇರೆ ಇರುತ್ತಿತ್ತು.

ಚಿತ್ರಕ್ಕೆ ಬಿಳಿ ಕಾಗದ ಅಂಟಿಸಿ ನನ್ನ ಹಳೇ ದಾರಿ ಹಿಡಿದೆ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಟ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ನಮ್ಮ ಎಚ್.ಡಿ. ಕೋಟೆಯಲ್ಲೇ. ಅದರಲ್ಲಿ ಅ ಆ ಇ ಈ ಸಾಲಿಲ್ಲ, ಆಕಾರ ಹೋಲುವ ರ ಗ ಸ ದ ಅ ಮೊದಲು. ಐದೇ ಕಾರ್ಡಿನಲ್ಲಿ ರಸ, ಸರ, ಅರಸ ಆಗುತ್ತದೆ. ಗರಗಸ ಬೇಕಾದರೆ ಇನ್ನೊಂದು ಗ, ಇನ್ನೊಂದು... ಅಲ್ಲ, ಗ ಒಂದೇ ಸಾಕು. ಅಯ್ಯೋ, ಬೇಕು, ಎರಡು ಬೇಕು! ಪೆಟ್ಟಿಗೆಯಲ್ಲಿ ಒಂದೊಂದೇ ಇರುವುದು. ಬಳಪ ತಂದು ನೆಲದ ಮೇಲೆ ಬರೆದೆವು.

ಇನ್ನು ಆ 30 ದಿನ. 49 ಕಾರ್ಡಿಗೆ ಕತೆ ಮುಗಿಯುತ್ತದಾ? ಕಾಗುಣಿತ ಇಲ್ಲ, ಒತ್ತಕ್ಷರ ಒಂದೂ ಇಲ್ಲ. 'ಅಪ್ಪ', 'ಅಮ್ಮ' ಬರೆಯೋಕೆ ಆಗಲ್ಲ ಇದರಲ್ಲಿ. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ನಮ್ಮ ಅಕ್ಷರಗಳು ಪೂರ್ತಿ ಕೈಗೆ ಬರುವುದಕ್ಕೆ ಒಂದೆರಡು ವರ್ಷ ಸಾಲದು, ನಾಲ್ಕನೇ ಕ್ಲಾಸಿನಲ್ಲೂ ಕಲಿಕೆ ನಡೆದೇ ಇರುತ್ತದೆ ಅಂತ ಅದರಲ್ಲಿದೆ. ಕ್ಲಾಸಿನಲ್ಲಿ ನಾನು ಕಂಡಿದ್ದೂ ಅದನ್ನೇ. ಮುಚ್ಚಳ ನೋಡಿ ತಂದೆತಾಯಿ ಮಗುವಿಗೆ ಬೈಯುತ್ತಾರಲ್ಲ, ಅದು ನನಗೆ ಬೇಜಾರು.

ಕೊನೆಗೊಂದು ದೂರು. ನಮ್ಮ ಪೆಟ್ಟಿಗೆಯಲ್ಲಿ ಣ ಎರಡಿತ್ತು, ಳ ಇರಲೇ ಇಲ್ಲ. ಬಿಹಾರದ ಚಿಕ್ಕವನು ಬಾಳೆಹಣ್ಣಿಗೆ 'ಬಾಲೆಹಣ್ಣು' ಅನ್ನುತ್ತಾನೆ, ಅವನಿಗೆ ಬೇಕಾದ ಅಕ್ಷರವೇ ನಾಪತ್ತೆ. ಮೂರು ಮೇಲ್ ಹಾಕಿದರೂ ಉತ್ತರ ಬರಲಿಲ್ಲ. ಯಾರದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಳ ಬರೆದು ಸೇರಿಸಿದ್ದೇನೆ. ಐದಕ್ಕೆ ಎರಡೂವರೆ ಸ್ಟಾರ್. ಅರ್ಧ ಸ್ಟಾರು ಆ ಅನಾನಸ್ಸಿಗೆ.