ಕಾಟರ್ ದಾರಿಯೋ, ಅಡ್ಕಾರ್ ದಾರಿಯೋ?

ಸಾಗರದ ಸೊಸೈಟಿಯಲ್ಲಿ ಲೆಡ್ಜರ್ ಬಿಟ್ಟು ಕಂಪ್ಯೂಟರ್‌ಗೆ ಹೋಗಬೇಕು, ಸಿಬ್ಬಂದಿ ಹೆದರಿದ್ದಾರೆ, ಸಂಸ್ಥೆಯಲ್ಲಿ ಬದಲಾವಣೆ ತರಲು ಜಾನ್ ಕಾಟರ್ ಹೇಳಿದ 8 ಹೆಜ್ಜೆ ಹಿಡಿಯಲಾ, ಜೆಫ್ ಹಯಾಟ್ ಅವರ ಅಡ್ಕಾರ್ (ADKAR) ಅನ್ನುವ ವಿಧಾನ ಹಿಡಿಯಲಾ ಅಂತ ಕೇಳಿದ್ದೀರಿ.

ಮೊದಲು ಜನ ಎಷ್ಟಿದ್ದಾರೆ ನೋಡಿ. ಕಾಟರ್ ದಾರಿ ಮೇಲಿನಿಂದ ಶುರುವಾಗುತ್ತದೆ: ಈಗಲೇ ಯಾಕೆ ಬದಲಾಗಬೇಕು ಅನ್ನುವ ಮನವರಿಕೆ, ಜೊತೆಗೆ ನಿಲ್ಲುವ ಗುಂಪು, ಬೇಗ ಕಾಣುವ ಸಣ್ಣ ಗೆಲುವು. ಹತ್ತಾರು ಶಾಖೆಗಳಿದ್ದರೆ ಇದು ಒಳ್ಳೆಯದು. ಹತ್ತು ಜನರಿಗೆ ಜಾಸ್ತಿಯಾಯಿತು.

ಅಡ್ಕಾರ್ ಒಬ್ಬೊಬ್ಬರನ್ನೇ ನೋಡುತ್ತದೆ. ಯಾಕೆ ಅಂತ ಗೊತ್ತಾ, ಮನಸ್ಸಿದೆಯಾ, ಹೇಗೆ ಅಂತ ಗೊತ್ತಾ, ಮಾಡಲು ಬರುತ್ತಾ, ಆಮೇಲೂ ಉಳಿಯುತ್ತಾ, ಇವೇ 5 ಪ್ರಶ್ನೆ. 30 ವರ್ಷ ಲೆಡ್ಜರ್ ಬರೆದ ಗುಮಾಸ್ತರು ತರಬೇತಿ ಕೊಟ್ಟರೂ ಕಲಿಯುತ್ತಿಲ್ಲ ಅಂದರೆ, ನನ್ನ ಕೆಲಸ ಉಳಿಯುತ್ತಾ ಅನ್ನುವ ಭಯವೇ ಅಡ್ಡ ಬಂದಿರಬಹುದು, ಅಲ್ವಾ? ಆಗ ಸುಮ್ನೆ ಇನ್ನೊಂದು ತರಬೇತಿ ಇಡಬೇಡಿ, ಹತ್ತಿರ ಕೂತು ಮಾತಾಡಿ.

ಆದರೆ ನಿರ್ದೇಶಕರೇ ಒಪ್ಪಿಲ್ಲ ಅಂದರೆ ಅಡ್ಕಾರ್ ಒಂದೇ ಸಾಲದು, ಕಾಟರ್ ಹೇಳುವ ಗುಂಪು ಕಟ್ಟಿಕೊಂಡೇ ಮುಂದೆ ಹೋಗಿ. ಯಾವುದನ್ನೇ ಹಿಡಿದರೂ ಅಡಿಕೆ ಕೊಯ್ಲಿನ ತಿಂಗಳಲ್ಲಿ ಮಾತ್ರ ಶುರು ಮಾಡಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು ಅಂತಲೂ ಮೊದಲೇ ಹೇಳಿಡಿ.