ಓಮ್ನಿ ಬಿಚ್ಚಿ ಸ್ಪೋರ್ಟ್ಸ್ ಕಾರು ಕಟ್ಟುವವರೇ, ಬಾಡಿಯನ್ನೂ ಆರ್‌ಸಿಯನ್ನೂ ಯಾರ ಕೈಗೂ ಕೊಡಬೇಡಿ

"ನಂಬರಿನ ಜವಾಬ್ದಾರಿ ನಂದ ಬಿಡ್ರಿ ಸರ, ಹಳೇ ಗಾಡಿ ಆರ್‌ಸಿ ಮ್ಯಾಲೇ ಓಡಸಬಹುದು." ಯಾವ ಮಿಸ್ತ್ರಿಯಾದರೂ ಹೀಗೆ ಹೇಳಿದರೆ, ಆತನ ಕೈಗುಣ ಎಷ್ಟೇ ಚೆನ್ನಾಗಿರಲಿ, ಚಹಾ ಮುಗಿಸಿ ಎದ್ದು ಬನ್ನಿ. ಮನೆಯಲ್ಲೇ ಕಾರು ಕಟ್ಟುವ ಹುಚ್ಚು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ನಾಲ್ಕಾರು ಮಂದಿಗಿದೆ. ನಮ್ಮ ಅಂಗಳದ ಚೌಕಟ್ಟು ನೋಡಲು ಬಂದು, ಫೋಟೋ ತೆಗೆದುಕೊಂಡು, "ಮಿಸ್ತ್ರಿ ಯಾರ್ರಿ?" ಎಂದು ಕೇಳಿ ಹೋದವರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕಟ್ಟಲು ಹೊರಟದ್ದು ಲೋಟಸ್ ಸೆವೆನ್ ಮಾದರಿಯ ಗಾಡಿ. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಇಂಗ್ಲೆಂಡಿನಲ್ಲಿ ಹೊರತಂದ, ಎರಡೇ ಸೀಟಿನ, ಉದ್ದ ಮೂತಿಯ ಕಾರು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅಲ್ಲಿ ಆಗ ಖರೀದಿ ತೆರಿಗೆ ಉಳಿಯುತ್ತಿತ್ತು. ಅದೇ ಕಾರಣಕ್ಕೆ ಮನೆಯಲ್ಲಿ ಕಾರು ಕಟ್ಟುವ ಗೀಳು ಅಲ್ಲಿ ಬೆಳೆಯಿತು. 1973ರಲ್ಲಿ ಅದರ ಹಕ್ಕು ಕ್ಯಾಟರ್‌ಹ್ಯಾಮ್‌ನವರಿಗೆ ಹೋದರೂ ನಕಲುಗಳು ಜಗತ್ತಿನ ತುಂಬ ಹುಟ್ಟುತ್ತಲೇ ಇವೆ. ನಕಲು ಮಾಡಲು ಇದಕ್ಕಿಂತ ಸಲೀಸಾದ ಕಾರು ಇನ್ನೊಂದಿಲ್ಲ. ಚೌಕ ಪೈಪಿನ ಚೌಕಟ್ಟು, ಅದಕ್ಕೆ ಯಾವುದೋ ಹಳೇ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್. ಮೂಗು ಮತ್ತು ಮಡ್‌ಗಾರ್ಡ್ ಬಿಟ್ಟರೆ ಉಳಿದ ತಗಡೆಲ್ಲ ಹೆಚ್ಚುಕಡಿಮೆ ಸಪಾಟು.

ಹಳೇ ಗಾಡಿ ಯಾವುದು ಎನ್ನುವುದೇ ನಮ್ಮಲ್ಲಿ ತಲೆನೋವು. ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಗಾಲಿ ತಿರುಗಿಸಬೇಕು. ಮಾರುತಿ 800 ಮುಂದಿನ ಗಾಲಿಯಿಂದ ಓಡುವಂಥದ್ದು, ಬರುವುದಿಲ್ಲ. ಜಿಪ್ಸಿಗೆ ಈಗ ಬಂಗಾರದ ರೇಟು. ಉಳಿದದ್ದು ಮಾರುತಿಯ ಓಮ್ನಿ ವ್ಯಾನು: 796 ಸಿಸಿ, ಮೂರು ಸಿಲಿಂಡರ್, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಗಟ್ಟಿ ಆಕ್ಸಲ್. 2019ರಲ್ಲಿ ಅದರ ತಯಾರಿಕೆ ನಿಂತರೂ ಸ್ಪೇರ್ ಸಿಗುತ್ತದೆ. ಅಶ್ವಶಕ್ತಿ ಮೂವತ್ತೈದರ ಆಸುಪಾಸು ಎಂದಾಗ ಅಪ್ಪ, "ಇದರಾಗ ಸ್ಪೋರ್ಟ್ಸ್ ಎಲ್ಲಿ ಬಂತಲೇ?" ಎಂದು ನಕ್ಕಿದ್ದರು. ತೂಕ ಅರ್ಧ ಟನ್ನಿಗೆ ಇಳಿದರೆ ಆ ಎಂಜಿನ್ನೇ ಬೇರೆ ಥರ ಎಳೆಯುತ್ತದೆ, ಅದು ಅವರಿಗೆ ಹೇಳಿ ತಿಳಿಯುವಂಥದ್ದಲ್ಲ. ಹಾವೇರಿಯಲ್ಲಿ ಮದುವೆ ಅಡಿಗೆ ಕಾಂಟ್ರ್ಯಾಕ್ಟಿನವರ ಬಳಿ ಕೆಎ-27 ನಂಬರಿನ ಒಂದು ಓಮ್ನಿ ಸಿಕ್ಕಿತು. ಕೊಂಡು, ಕಾಯಿದೆ ಪ್ರಕಾರ ನನ್ನ ಹೆಸರಿಗೆ ಮಾಡಿಸಿಕೊಂಡೆ.

ಮಿಸ್ತ್ರಿ ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ಮಾಡುವಾತ. ಕೆಲಸದ ಬಗ್ಗೆ ಸುಳ್ಳು ಹೇಳಲಾರೆ, ವೆಲ್ಡಿಂಗ್ ಚೊಕ್ಕ. ಒಂದಿಂಚಿನ ಚೌಕ ಪೈಪು, ದಪ್ಪ ಬರೀ 1.6 ಮಿಲಿಮೀಟರು, ಕಡ್ಡಿ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತದೆ, ಸಣ್ಣ ತಂತಿ ಹರಿಸುವ ಮಿಗ್ ವೆಲ್ಡಿಂಗ್ ಬೇಕು. ಮೊದಲು ಎಲ್ಲ ಮೂಲೆಗೂ ಬರೀ ಟ್ಯಾಕ್, ಅಂದರೆ ಚುಕ್ಕೆಯಷ್ಟೇ ವೆಲ್ಡ್ ಹಾಕಿ, ಕರ್ಣಕ್ಕೆ ಕರ್ಣ ಟೇಪು ಹಿಡಿದು ನೋಡಿ, ಆಮೇಲೆ ಆ ಬದಿ ಸ್ವಲ್ಪ ಈ ಬದಿ ಸ್ವಲ್ಪ ಎಂದು ವೆಲ್ಡ್ ತುಂಬಬೇಕು. ಒಂದೇ ಬದಿ ಮುಗಿಸಿ ಇನ್ನೊಂದಕ್ಕೆ ಹೋದರೆ ಚೌಕಟ್ಟು ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟುತ್ತದೆ. ಇದೆಲ್ಲ ಆತನಿಗೆ ನಾನು ಹೇಳದೇ ಗೊತ್ತಿತ್ತು. ಇಂಥ ಕೆಲಸಗಾರನ ಮಾತನ್ನು ಯಾರೂ ಅನುಮಾನಿಸುವುದಿಲ್ಲ, ವಂಚನೆ ನಡೆಯುವುದೂ ಅಲ್ಲೇ.

ಒಪ್ಪಂದ ಬಾಯಿಮಾತಿನದು. ಓಮ್ನಿ ಆತನ ಶೆಡ್ಡಿನಲ್ಲಿ ಬಿಚ್ಚಬೇಕು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೇರಿಂಗ್ ನನಗೆ. ಖಾಲಿ ಬಾಡಿಯನ್ನು ಆತ ಗುಜರಿಗೆ ಹಾಕಿ ಅದರ ದುಡ್ಡನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಆರ್‌ಸಿ ಕಾರ್ಡು, ಆಧಾರ್ ಝೆರಾಕ್ಸ್, "ಆರ್‌ಟಿಓ ಕೆಲಸಕ್ಕ ಬೇಕಾಗ್ತಾವ್ರಿ" ಎಂದು ಇಸಿದುಕೊಂಡ. ಚೌಕಟ್ಟೂ ಯಂತ್ರವೂ ಟೆಂಪೋದಲ್ಲಿ ನಮ್ಮನೆಗೆ ಬಂದವು.

ಅಲ್ಲಿಂದ ಮುಂದೆ ಮನೆಯ ಕತೆ. ಅಪ್ಪನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆ, ಆಮೇಲೆ ಫಿಸಿಯೋಥೆರಪಿ, ರಾತ್ರಿ ಅವ್ವ ಒಬ್ಬಳಿಂದ ಆಗದು. ಅದರ ಬೆನ್ನಿಗೇ ನನಗೆ ಗದಗಿಗೆ ವರ್ಗ. ಬೆಳಿಗ್ಗೆ ರೈಲು, ಸಂಜೆ ರೈಲು. ಮಳೆಗಾಲವೂ ಶುರುವಾಯಿತು. ಇಂಥ ಕೆಲಸ ನಡುವೆ ನಿಂತರೆ ಸಾಮಾನು ಸುಮ್ಮನೆ ಕೂರುವುದಿಲ್ಲ. ಮೂಗಿನ ಫೈಬರ್‌ಗೆಂದು ತಂದ ಪಾಲಿಯೆಸ್ಟರ್ ರೆಸಿನ್ ತಗಡಿನ ಮಾಡಿನ ಕೆಳಗಿನ ಬಿಸಿಗೆ ಡಬ್ಬಿಯಲ್ಲೇ ಗಟ್ಟಿಯಾಯಿತು. ಬ್ರೇಕ್ ಆಯಿಲ್ ಡಬ್ಬಿಯ ಸೀಲು ಒಡೆದ ಮೇಲೆ ಗಾಳಿಯ ತೇವ ಹೀರುತ್ತದೆ, ಚೆಲ್ಲಬೇಕಾಯಿತು. ಬಣ್ಣ ಕಾಣದ ಪೈಪಿಗೆ ಜಂಗು. ಸ್ಪಾರ್ಕ್ ಪ್ಲಗ್ ತೂತಿನಿಂದ ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಆಗೊಮ್ಮೆ ಈಗೊಮ್ಮೆ ಪಾನಾ ಹಾಕಿ ಕ್ರ್ಯಾಂಕ್ ತಿರುಗಿಸಿದ್ದರಿಂದ ಎಂಜಿನ್ ಮಾತ್ರ ಬಚಾವ್.

ರೆಸಿನ್ನಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಅದರ ಜತೆ ಕೊಡುವ ಎರಡು ಬಾಟಲಿಗಳಲ್ಲಿ ನೇರಳೆ ಬಣ್ಣದ್ದು ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್, ನೀರಿನಂತಿರುವುದು ಗಟ್ಟಿ ಮಾಡುವ ಹಾರ್ಡ್ನರ್. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ಗದಗಿನಿಂದ ವಾಪಸಾಗುತ್ತಿದ್ದಾಗ ಮೊಬೈಲಿಗೆ ಚಲನ್ ಬಂತು. ಸೀಟ್ ಬೆಲ್ಟ್ ಹಾಕಿಲ್ಲ, ರಾಣೆಬೆನ್ನೂರು ಹತ್ತಿರ, ಹೆದ್ದಾರಿ, ನನ್ನ ಓಮ್ನಿ ನಂಬರು. ಅದರ ಎಂಜಿನ್ ನಮ್ಮ ಅಂಗಳದಲ್ಲಿ ತಾಡಪತ್ರಿ ಹೊದ್ದು ಕೂತಿದೆ! ಕ್ಯಾಮೆರಾ ತಪ್ಪಿರಬೇಕು ಎಂದುಕೊಂಡು ಫೋಟೋ ತೆರೆದರೆ ಬಿಳಿ ಓಮ್ನಿ, ತಲೆಯ ಮೇಲೆ ಕ್ಯಾರಿಯರ್, ಮುಂದಿನ ಬಂಪರಿನ ಎಡಕ್ಕೆ ನನಗೆ ಚೆನ್ನಾಗಿ ಗೊತ್ತಿರುವ ಅದೇ ತಗ್ಗು. ನಾವು ಬಿಚ್ಚಿ ಬಿಟ್ಟ ಬಾಡಿಗೆ ಯಾರೋ ಇನ್ನೊಂದು ಎಂಜಿನ್ ಕೂರಿಸಿ, ನನ್ನ ಆರ್‌ಸಿ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡು ಓಡಿಸುತ್ತಿದ್ದಾರೆ.

ಮಿಸ್ತ್ರಿಗೆ ಫೋನ್ ಮಾಡಿದರೆ, "ಗುಜರಿಗೆ ಕೊಟ್ಟೇನ್ರಿ. ಮುಂದ ಅವ್ರು ಏನ್ ಮಾಡ್ಯಾರ ನನಗೇನ ಗೊತ್ತು?" ಆರ್‌ಸಿ ಎಲ್ಲಿ ಎಂದಿದ್ದಕ್ಕೆ, "ಗಾಡಿ ಸಂಗಾಟ ಹೋಗಿರಬೇಕ್ರಿ." ಆಮೇಲೆ ಫೋನ್ ಎತ್ತಲಿಲ್ಲ, ಶೆಡ್ಡಿಗೆ ಬೀಗ.

ಆರ್‌ಟಿಓ ಕಚೇರಿಯಲ್ಲಿ ಮೋಟಾರು ಇನ್ಸ್‌ಪೆಕ್ಟರು ಸಮಾಧಾನದಿಂದ ಕೇಳಿದರು. ಕೇಳಿ, ಒಂದೇ ಮಾತಿನಲ್ಲಿ ನನ್ನ ಲೆಕ್ಕ ತಲೆಕೆಳಗು ಮಾಡಿದರು: "ಗಾಡಿ ಅಂದ್ರ ಬಾಡಿನ ರೀ. ನೀವು ಇಟ್ಕೊಂಡಿದ್ದು ಬರೇ ಎಂಜಿನ್." ಲಾರಿಗೆ, ಹಳೇ ಜೀಪಿಗೆ ಚಾಸಿ, ಅಂದರೆ ಅಡಿಯ ಚೌಕಟ್ಟು ಬೇರೆ, ಬಾಡಿ ಬೇರೆ. ಓಮ್ನಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ತಗಡಿನ ಮೈಯೇ ಚಾಸಿ, ಚಾಸಿ ನಂಬರ್ ಕೊರೆದಿರುವುದೂ ಅದರ ಮೇಲೇ. ಗುಜರಿ ಎಂದು ನಾವು ತಳ್ಳಿದ್ದೇ ಸರಕಾರದ ಕಣ್ಣಿಗೆ ಕೆಎ-27 ಓಮ್ನಿ. ಅಂಗಳದಲ್ಲಿರುವ ನನ್ನ ಚೌಕಟ್ಟು ಸರಕಾರಕ್ಕೆ ಕಬ್ಬಿಣದ ಪೈಪು. ಆರ್‌ಸಿ ಇದಕ್ಕೆ ಬರುತ್ತದೆ ಎಂಬುದು ಶುರುವಿನಿಂದಲೇ ಸುಳ್ಳು.

ಕಾನೂನು ಹೀಗಿದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಅನುಮೋದಿತ ಸಿಎನ್‌ಜಿ ಕಿಟ್‌ನಂಥದ್ದಕ್ಕೆ ದಾರಿ ಇದೆ, ಮೈಯೇ ಬದಲಾದ ಗಾಡಿಗೆ ಇಲ್ಲ. ಹೊಸ ಗಾಡಿ ಎಂದೇ ನೋಂದಾಯಿಸೋಣವೆಂದರೆ ಗಾಡಿ ರಸ್ತೆಗೆ ಯೋಗ್ಯವೆಂದು ತಯಾರಕರು ಕೊಡುವ ಪ್ರಮಾಣಪತ್ರ, ಫಾರ್ಮ್ 22 ಬೇಕು. ಅದಕ್ಕೆ ಮೊದಲು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಡಿ, ವಾಹನ ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮಾದರಿ ಗಾಡಿ ಪಾಸಾಗಬೇಕು. ಅದು ಸಾವಿರಗಟ್ಟಲೆ ಗಾಡಿ ಮಾಡುವ ಕಂಪನಿಗಳಿಗೆಂದೇ ಇರುವ ಪರೀಕ್ಷೆ. ಬ್ರಿಟನ್ನಿನಲ್ಲಿ ಒಂಟಿ ಗಾಡಿಗೂ ಒಂದು ಪರೀಕ್ಷೆ ಮಾಡಿ ನಂಬರ್ ಕೊಡುವ ವ್ಯವಸ್ಥೆ ಇದೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಪೈಪು ಕೊಯ್ಯುವವರಿಗೆ ಈ ವ್ಯತ್ಯಾಸವನ್ನು ಯಾವ ವಿಡಿಯೋದವರೂ ಹೇಳುವುದಿಲ್ಲ.

ಚಲನ್ನಿನ ದಂಡ ದೊಡ್ಡದಲ್ಲ. ಆ ಓಮ್ನಿ ಯಾರಿಗಾದರೂ ಗುದ್ದಿದರೆ? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರಕ್ಕೆ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅದೂ ಗಾಡಿ ಕೈಯಿಂದ ಕೈಗೆ ಮಾರಿಹೋದ ಪ್ರಕರಣದಲ್ಲಿ. ನನ್ನ ವಿಮೆಯ ಅವಧಿಯೂ ಆಸ್ಪತ್ರೆ ಓಡಾಟದ ದಿನಗಳಲ್ಲೇ ಮುಗಿದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸಾಕು.

ಪೊಲೀಸ್ ಠಾಣೆಗೆ ದೂರು ಕೊಟ್ಟೆ. ಎಂಜಿನ್ ನಂಬರಿನ ಫೋಟೋ, ಚಲನ್ನಿನ ಫೋಟೋ, ಮಿಸ್ತ್ರಿಗೆ ದುಡ್ಡು ಹಾಕಿದ ಯುಪಿಐ ದಾಖಲೆ ಲಗತ್ತಿಸಿದೆ. ಬಾಯಿಮಾತಿನ ಒಪ್ಪಂದದಲ್ಲಿ ಉಳಿದ ಸಾಕ್ಷಿ ಆ ಯುಪಿಐ ಒಂದೇ; ನಗದು ಕೊಟ್ಟಿದ್ದರೆ ಅದೂ ಇಲ್ಲ. ದೂರಿನ ಪ್ರತಿ ಹಚ್ಚಿ, ಆ ನಂಬರಿನ ಮೇಲೆ ಯಾವ ವ್ಯವಹಾರವೂ ಆಗದಂತೆ ತಡೆಹಿಡಿಯಲು ಆರ್‌ಟಿಓಗೆ ಅರ್ಜಿ ಕೊಟ್ಟೆ. ಚಲನ್ನಿಗೆ ಆಕ್ಷೇಪಣೆಯನ್ನೂ ಹಾಕಿದ್ದೇನೆ. ಸುಮ್ಮನೆ ದಂಡ ಕಟ್ಟಿ ಕೈತೊಳೆದುಕೊಳ್ಳಿ ಎಂದು ಸಲಹೆ ಕೊಟ್ಟವರಿದ್ದರು. ಕಟ್ಟಿದರೆ ಆ ದಿನ ಆ ಗಾಡಿ ನನ್ನದೇ ಆಗಿತ್ತು ಎಂದು ಒಪ್ಪಿದಂತಲ್ಲವೇ?

ಈಗಾಗಲೇ ಗಾಡಿ ಬಿಚ್ಚಿದವರು 55ನೇ ಕಲಂ ಓದಿಕೊಳ್ಳಿ. ಗಾಡಿ ನಾಶವಾದರೆ ಅಥವಾ ಕಾಯಂ ಕೆಟ್ಟು ಕೂತರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಒಪ್ಪಿಸುವವರೆಗೆ ಕಾರ್ಡು ನಿಮ್ಮ ತಿಜೋರಿಯಲ್ಲಿರಲಿ. ಚಾಸಿ ನಂಬರಿನ ತಗಡನ್ನು ನಿಮ್ಮ ಕಣ್ಣೆದುರೇ ಕೊಯ್ಯಿಸಿ ಮನೆಗೆ ತನ್ನಿ, ನಂಬರ್ ಪ್ಲೇಟೂ ಬಿಚ್ಚಿ ತನ್ನಿ. ಆಮೇಲೆ ಉಳಿದ ತಗಡು ಗುಜರಿಗೆ ಹೋಗಲಿ. ಮನೆಯಲ್ಲಿ ಏನೇ ಬಂದು ಕೆಲಸ ನಿಂತರೂ ಇದೊಂದನ್ನು ಮಾತ್ರ ಮುಂದೂಡುವಂತಿಲ್ಲ. ರೆಸಿನ್ ಹಾಳಾದರೆ ಹೊಸ ಡಬ್ಬಿ ಬರುತ್ತದೆ.

"ಹಂಗಾದ್ರ ಕಟ್ಟೋದ ಬ್ಯಾಡೇನು?" ಎಂದು ಕೇಳುವವರಿಗೆ: ಕಟ್ಟಿ, ರಸ್ತೆಯ ಆಸೆ ಬಿಟ್ಟು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಸ್ಪರ್ಧೆಗೆಂದು ಕಟ್ಟುವ ಕಾರುಗಳಿಗೂ ನಂಬರ್ ಇರುವುದಿಲ್ಲ, ಲಾರಿ ಮೇಲೆ ಹೇರಿ ಒಯ್ಯುತ್ತಾರೆ, ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ನಮ್ಮ ಸೋದರಮಾವನ ಹೊಲಕ್ಕೆ ಹೋಗುವ ಸ್ವಂತ ದಾರಿ ಇದೆ, ನನ್ನದು ಅಲ್ಲಿ ಓಡುವಷ್ಟಾದರೆ ಸಾಕು. ಸದ್ಯ ಅದೂ ಇಲ್ಲ. ಎಂಜಿನ್ನೂ ಪ್ರಕರಣದ ಮುದ್ದೆಮಾಲು ಆಗಬಹುದಂತೆ. ತನಿಖೆ ಮುಗಿಯುವವರೆಗೆ ಬಿಚ್ಚಬೇಡಿ, ಮಾರಬೇಡಿ, ಜಾಗ ಬದಲಿಸಬೇಡಿ ಎಂದು ಠಾಣೆಯಲ್ಲಿ ಹೇಳಿದ್ದಾರೆ. ಮಿಸ್ತ್ರಿಯ ಹೆಸರು ಕೇಳಿ ಮೆಸೇಜು ಮಾಡಬೇಡಿ, ತನಿಖೆ ನಡೆದಿರುವಾಗ ಕೊಡಲಾರೆ. ಆರ್‌ಸಿ ಕೇಳಿದವನಿಗೆ ಕೊಡಬೇಡಿ, ಆತ ಯಾರೇ ಆಗಿರಲಿ.