ಒಬ್ಬರೇ ಎತ್ತಬಲ್ಲ ಗಾಡಿ: ಹಳೇ ಟಂಡ್ರಾ ಸ್ನೋಮೊಬೈಲ್ ಜೊತೆ ನಾಲ್ಕು ಚಳಿಗಾಲ

ಸ್ನೋಮೊಬೈಲ್ ಅಂದರೆ ಮುಂದೆ ಸ್ಕೀ, ಹಿಂದೆ ಟ್ರ್ಯಾಕ್ ಎನ್ನುವ ಸುತ್ತುವ ರಬ್ಬರ್ ಪಟ್ಟಿ ಇರುವ ಹಿಮದ ಗಾಡಿ. ನನ್ನ ಮೊದಲನೆಯದು 300 ಕೆಜಿಗಿಂತ ಜಾಸ್ತಿ ತೂಕದ್ದು. ಎರಡು ಸಿಲಿಂಡರ್, ಬಿಸಿಯಾಗುವ ಹಿಡಿಕೆ, ರಿವರ್ಸ್ ಗೇರ್, ಬಟನ್ ಒತ್ತಿದರೆ ಸ್ಟಾರ್ಟ್. ಕಾಡಿನೊಳಗಿನ ಹೆಪ್ಪುಗಟ್ಟಿದ ಒಂದು ಸಣ್ಣ ಕೆರೆಗೆ ಟ್ರೌಟ್ ಮೀನು ಹಿಡಿಯಲು ಅದರಲ್ಲೇ ಒಬ್ಬನೇ ಹೋಗಿದ್ದೆ. ಕೆರೆಯ ನಡುವೆ ಗಾಡಿ ಇದ್ದಕ್ಕಿದ್ದಂತೆ ಭಾರವಾಯಿತು. ಹಿಂದೆ ತಿರುಗಿ ನೋಡಿದರೆ ಟ್ರ್ಯಾಕ್ ಹೋದ ದಾರಿ ಬೂದು ಬಣ್ಣಕ್ಕೆ ತಿರುಗಿತ್ತು. ಹಿಮದ ಕೆಳಗೆ ನೀರು. ನಿಲ್ಲಿಸಬಾರದಿತ್ತು, ನಿಲ್ಲಿಸಿಬಿಟ್ಟೆ. ಗಾಡಿ ಕುಂತೇಬಿಟ್ಟಿತು.

ಅದನ್ನು ಎತ್ತಲು ನಾಲ್ಕು ಗಂಟೆ ಹಿಡಿಯಿತು. ದಡಕ್ಕೆ ನಡೆದು ಹೋಗಿ ಕೊಂಬೆ ಕಡಿದು ತಂದೆ. ಒಂದು ಬದಿ ಒಂದಿಷ್ಟು ಎತ್ತುವುದು, ಕೊಂಬೆ ತುರುಕುವುದು, ಇನ್ನೊಂದು ಬದಿಗೆ ಹೋಗುವುದು. ಮೊಣಕಾಲವರೆಗೆ ನೆನೆದಿದ್ದೆ. ಕತ್ತಲಾದಾಗ ನನಗೆ ನಿಜಕ್ಕೂ ಭಯವಾಯಿತು. ಅವತ್ತು ರಾತ್ರಿ ಒಂದೇ ಲೆಕ್ಕ ಮನಸ್ಸಿನಲ್ಲಿ ಉಳಿಯಿತು: ಮುಂದಿನ ಗಾಡಿಯ ಹಿಂಭಾಗವನ್ನು ನಾನೊಬ್ಬನೇ ಎತ್ತಲು ಆಗಬೇಕು.

ಮೀನು ಹಿಡಿಯುವವರು ಸ್ಲಷ್ ಎನ್ನುವುದು ಇದಕ್ಕೇ. ಜಾಸ್ತಿ ಹಿಮ ಬಿದ್ದಾಗ ಅದರ ಭಾರಕ್ಕೆ ಮಂಜುಗಡ್ಡೆಯ ಹಾಸು ಕೆಳಗೆ ಕುಗ್ಗುತ್ತದೆ. ಬಿರುಕುಗಳಿಂದ ಕೆರೆಯ ನೀರು ಮೇಲೆ ಬರುತ್ತದೆ. ಮೇಲಿನ ಹಿಮ ಕಂಬಳಿ ಹೊದ್ದಿಸಿದ ಹಾಗೆ ಇರುವುದರಿಂದ ಮೈನಸ್ 20 ಡಿಗ್ರಿ ಚಳಿಯಲ್ಲೂ ಆ ನೀರು ಹೆಪ್ಪುಗಟ್ಟದೆ ಉಳಿಯುತ್ತದೆ. ಕೆಳಗೆ ಗಡ್ಡೆ ಗಟ್ಟಿಯಾಗಿಯೇ ಇರಬಹುದು, ಮುಳುಗುವ ಪ್ರಶ್ನೆ ಇಲ್ಲದೇ ಇರಬಹುದು. ಆದರೂ ಗಾಡಿ ಕದಲುವುದಿಲ್ಲ. ಮೇಲಿಂದ ನೋಡಿದರೆ ಎಲ್ಲ ಒಂದೇ ಬಿಳುಪು.

ದೊಡ್ಡ ಗಾಡಿ ಮಾರುವವರು ಅಗಲ ಟ್ರ್ಯಾಕ್ ಇದೆ, ತೇಲುತ್ತದೆ ಎನ್ನುತ್ತಾರೆ. ಅದು ಸುಳ್ಳಲ್ಲ. ನಾನೇ ಟೇಪ್ ಹಿಡಿದು ಅಳೆದೆ. ಭಾರದ ಗಾಡಿಯ ಟ್ರ್ಯಾಕ್ 20 ಇಂಚು ಅಗಲ, ನೆಲಕ್ಕೆ ತಾಗುವ ಉದ್ದ ಸುಮಾರು 165 ಸೆಂಟಿಮೀಟರ್. ಆಮೇಲೆ ನಾನು ಕೊಂಡ ಹಗುರ ಗಾಡಿಯದ್ದು 15 ಇಂಚು ಅಗಲ, ತಾಗುವುದು ಸುಮಾರು 160. ನನ್ನನ್ನೂ ಸೇರಿಸಿ ಭಾರದ ಗಾಡಿ 390 ಕೆಜಿ, ಹಗುರದ್ದು ಹೆಚ್ಚೆಂದರೆ 280 ಎಂದು ಹಿಡಿಯಿರಿ. ಎರಡೂ ಚದರ ಸೆಂಟಿಮೀಟರಿಗೆ ಸುಮಾರು 46 ಗ್ರಾಂ ಒತ್ತುತ್ತವೆ. ನಾನು ಬೂಟು ಹಾಕಿಕೊಂಡು ಸುಮ್ನೆ ಎರಡು ಕಾಲಲ್ಲಿ ನಿಂತರೇ 130 ಗ್ರಾಂ ದಾಟುತ್ತದೆ. ಹಿಮದ ಮೇಲೆ ತೇಲುವುದರಲ್ಲಿ ಎರಡೂ ಗಾಡಿ ಸಮ. ವ್ಯತ್ಯಾಸ ಗೊತ್ತಾಗುವುದು ಸಿಕ್ಕಿಹಾಕಿಕೊಂಡ ಮೇಲೆ. ಆಗ ಟ್ರ್ಯಾಕಿನ ಅಗಲ ಯಾರಿಗೆ ಬೇಕು? ನಿಮ್ಮ ಬೆನ್ನು, ಗಾಡಿಯ ತೂಕ, ಇವೆರಡೇ ಲೆಕ್ಕ.

ಹಾಗಾಗಿ ಹಳೇ ಹಗುರ ಗಾಡಿಗಳನ್ನು ಹುಡುಕಲು ಶುರು ಮಾಡಿದೆ. ಈ ಕೆಲಸಕ್ಕೆ ಮತ್ತೆ ಮತ್ತೆ ಕೇಳಿಬರುವ ಹೆಸರು ಮೂರು: ಸ್ಕೀ-ಡೂ ಎಲಾನ್, ಸ್ಕೀ-ಡೂ ಟಂಡ್ರಾ, ಯಮಹಾ ಬ್ರಾವೋ. ಎಲಾನ್ 1971ರಿಂದ 1996ರವರೆಗೆ ಹೆಚ್ಚೇನೂ ಬದಲಾಗದೆ ಬಂದ ಪುಟ್ಟ ಗಾಡಿ. ಟೂಲ್ ಬಾಕ್ಸಿನಲ್ಲಿ ನಾಲ್ಕು ಸ್ಪ್ಯಾನರ್ ಇದ್ದರೆ ಅರ್ಧ ಗಾಡಿ ಬಿಚ್ಚಬಹುದು. ಆದರೆ ಟ್ರ್ಯಾಕ್ ಗಿಡ್ಡ, ಆಳದ ಪುಡಿ ಹಿಮಕ್ಕೆ ಹೇಳಿದ್ದಲ್ಲ. ಬ್ರಾವೋ 250 ಸಿಸಿ ದರ್ಜೆಯದು. ಆಯಿಲ್ ತಾನೇ ಎಳೆದುಕೊಳ್ಳುತ್ತದೆ, ಪೆಟ್ರೋಲಿಗೆ ಬೆರೆಸುವ ಕೆಲಸ ಇಲ್ಲ. ಅದರ ಉದ್ದ ಟ್ರ್ಯಾಕಿನ ಮಾದರಿ ಒಳ್ಳೇ ಸ್ಥಿತಿಯಲ್ಲಿ ಕಂಡರೆ ಯೋಚನೆ ಮಾಡದೆ ತಗೊಳ್ಳಿ. ನನಗೆ ಸಿಕ್ಕಿದ್ದು ಟಂಡ್ರಾ: ಪೂರ್ತಿ ಸುತ್ತಳತೆ 139 ಇಂಚಿನ ಟ್ರ್ಯಾಕ್, ಒಂದೇ ಸಿಲಿಂಡರಿನ ರೋಟಾಕ್ಸ್ 277. ಹೆಸರಿನಲ್ಲಿ 277 ಇದ್ದರೂ ಎಂಜಿನ್ ಸುಮಾರು 268 ಸಿಸಿ. ಇದೇ ಎಂಜಿನ್ ಕೂರಿಸಿ ಪುಟ್ಟ ವಿಮಾನಗಳನ್ನೂ ಹಾರಿಸಿದ್ದಾರೆ. ಅದು ತಿಳಿದಾಗಿನಿಂದ ಸ್ಟಾರ್ಟ್ ಮಾಡಲು ಹಗ್ಗ ಎಳೆಯುವಾಗೆಲ್ಲ ನನಗೆ ಅದರ ಮೇಲೆ ಒಂಥರಾ ಗೌರವ.

ಫ್ಯಾನ್ ಗಾಳಿಯಿಂದ ತಣಿಯುವ ಎಂಜಿನ್ನೇ ಬೇಕು ಎಂದು ನಾನು ಹಟ ಹಿಡಿದಿದ್ದೆ. ಕೂಲಂಟ್, ಅಂದರೆ ತಣಿಸುವ ದ್ರವ, ಇರುವ ಎಂಜಿನ್ನಿನಲ್ಲಿ ಬಿಸಿ ಹೊರಹೋಗುವುದು ಟ್ರ್ಯಾಕಿನ ಮೇಲಿರುವ ಕೊಳವೆಗಳ ಮೂಲಕ. ಟ್ರ್ಯಾಕ್ ಹಿಮ ಎರಚಿದರೆ ಮಾತ್ರ ಅವು ತಣ್ಣಗಾಗುತ್ತವೆ. ಗಾಳಿಗೆ ಹಿಮವೆಲ್ಲ ಹಾರಿಹೋದ ಬರಿ ಗಡ್ಡೆಯ ಮೇಲೆ ಎರಚಲು ಹಿಮವೇ ಇರುವುದಿಲ್ಲ ಅಲ್ವಾ? ಮೀನು ಹಿಡಿಯುವವರು ದಿನವೆಲ್ಲ ಇರುವುದು ಅಂಥ ಜಾಗದಲ್ಲೇ.

ಮಾರುವವರಿಗೆ ಫೋನ್ ಮಾಡಿದಾಗ ಒಂದೇ ಮಾತು ಕೇಳಿಕೊಂಡೆ. "ಅಣ್ಣಾ, ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಗ್ಲೌಸ್ ತೆಗೆದು ಎಂಜಿನ್ ಮೇಲೆ ಕೈ ಇಟ್ಟೆ. ಕಲ್ಲಿನಂತೆ ತಣ್ಣಗಿತ್ತು. ಬಿಸಿ ಎಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗ ಚೋಕ್ ಎಳೆದು ಮೂರು ನಾಲ್ಕು ಸಲಕ್ಕೆ ಹತ್ತಿದರೆ ಅದು ಆರೋಗ್ಯ. ಕಾಡಿನಲ್ಲಿ ನೀವು ಎಳೆಯುವುದು ತಣ್ಣಗಿನ ಎಂಜಿನ್ನಿನ ಹಗ್ಗವನ್ನೇ.

ಆಮೇಲೆ ಪ್ಲಗ್ ಬಿಚ್ಚಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದೆ. 120 ಪಿಎಸ್‌ಐ ಹತ್ತಿರ ಬಂತು. ಇಂಥ ಹಳೇ ಟೂ-ಸ್ಟ್ರೋಕಿನಲ್ಲಿ 100ಕ್ಕಿಂತ ಕೆಳಗಿದ್ದರೆ ಪಿಸ್ಟನ್ ರಿಂಗ್ ಖರ್ಚು ಕಾದಿದೆ ಎಂದು ನಾನು ಹಿಡಿಯುತ್ತೇನೆ. ಗೇಜ್ ಹೇಳದ ಇನ್ನೊಂದು ಕಾಯಿಲೆ ಇದೆ. ಆಕ್ಸಿಲರೇಟರ್ ಒತ್ತಿ ಬಿಡಿ. ಎಂಜಿನ್ ಸದ್ದು ತಟ್ಟನೆ ಇಳಿಯಬೇಕು. ಮೇಲೇ ನೇತಾಡಿ ನಿಧಾನಕ್ಕೆ ಇಳಿದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ, ಕ್ರ್ಯಾಂಕ್ ಸೀಲೋ ಕಾರ್ಬುರೇಟರಿನ ರಬ್ಬರ್ ಬೂಟೋ ಹೋಗಿರಬಹುದು. ಹಾಗೇ ಓಡಿಸಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಮನೆಯಿಂದ 30 ಕಿಲೋಮೀಟರ್ ದೂರದಲ್ಲಿ ಹೀಗಾದರೆ ನಡೆದೇ ವಾಪಸ್ ಬರಬೇಕು.

ಟ್ರ್ಯಾಕ್ ನೋಡುವಾಗ ಅವಸರ ಮಾಡಬೇಡಿ. ಗಾಡಿಯ ಹಿಂಭಾಗ ಎತ್ತಿ ಇಟ್ಟು, ಎಂಜಿನ್ ಆಫ್ ಮಾಡಿ, ಟ್ರ್ಯಾಕನ್ನು ಕೈಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿ. ಹರಿದ ಅಂಚು, ಮುರಿದ ಹಲ್ಲು, ಬಿದ್ದುಹೋದ ಲೋಹದ ಕ್ಲಿಪ್, ಒಳಗಿನ ನೂಲು ಕಾಣುವ ಬಿರುಕು, ಎಲ್ಲ ಆಗ ಕಾಣುತ್ತದೆ. ತಿರುಗಿಸುವಾಗ ಬೇರಿಂಗ್ ಕರಕರ ಎನ್ನುತ್ತದೆಯಾ ಎಂದು ಕಿವಿಗೊಡಿ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿ ಎಷ್ಟು ದಪ್ಪ ಉಳಿದಿದೆ ನೋಡಿ. ಹಿಮ ಸಿಗದೆ ಬರಿ ಗಡ್ಡೆಯ ಮೇಲೆ ಜೋರಾಗಿ ಓಡಿಸಿದರೆ ಅದು ಕರಗುತ್ತದೆ. ಪಟ್ಟಿ ಬದಲಿಸುವುದು ಸುಲಭ. ಟ್ರ್ಯಾಕ್ ಬದಲಿಸುವುದು ದೊಡ್ಡ ಖರ್ಚು, ಕೆಲವೊಮ್ಮೆ ಗಾಡಿಯ ಬೆಲೆಗೇ ಸಮ. ಬಣ್ಣ, ಸೀಟಿನ ಹರಿದ ಕವರ್ ಇವನ್ನು ನಾನು ನೋಡಲೇ ಇಲ್ಲ. ಬಾಡಿಯ ಮೇಲೆ ಒತ್ತಿದ ನಂಬರ್ ಕಾಗದದ ನಂಬರಿಗೆ ಹೊಂದುತ್ತದೆಯಾ ಎಂದು ಮಾತ್ರ ಎರಡು ಸಲ ಓದಿದೆ.

ಕೊನೆಗೆ ನನ್ನದೇ ಪರೀಕ್ಷೆ. ಹಿಂದಿನ ಬಂಪರ್ ಹಿಡಿದು, ಬೆನ್ನು ನೆಟ್ಟಗಿಟ್ಟು, ಕಾಲಿನ ಬಲದಿಂದ ಎತ್ತಿದೆ. ಎದ್ದಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿ ಇಟ್ಟೆ. ಮಾರುವ ಅಣ್ಣ ನಕ್ಕರು. ನಾನು ಅಲ್ಲೇ ಹಣ ಕೊಟ್ಟೆ.

ನಾಲ್ಕು ಚಳಿಗಾಲ ಆದ ಮೇಲೆ ಹೇಳುತ್ತೇನೆ. ಈ ವರ್ಗದ ಗಾಡಿ ವೇಗಕ್ಕಲ್ಲ. ಉಬ್ಬುತಗ್ಗಿನ ದಾರಿಯಲ್ಲಿ ಸೊಂಟಕ್ಕೆ ಕೆಲಸ ಇದೆ. ರಿವರ್ಸ್ ಇಲ್ಲದ ಮಾದರಿಯಾದರೆ ತಿರುಗಿಸುವ ಜಾಗ ಮೊದಲೇ ಯೋಚಿಸಿಕೊಂಡು ಹೋಗಬೇಕು. ಇಬ್ಬರು ಕೂರುವ ಮಾತೇ ಬೇಡ. ನೀವು ಯಾವಾಗಲೂ ಇಬ್ಬರು ಮೂವರು ಒಟ್ಟಿಗೆ ಹೋಗುವವರು, ಭಾರದ ಟೆಂಟು ಎಳೆಯುವವರು ಆದರೆ ದೊಡ್ಡ ಗಾಡಿಯೇ ಸರಿ. ಆದರೆ ಒಬ್ಬರೇ, ಮರಗಳ ಸಂದಿಯ ಇಕ್ಕಟ್ಟಾದ ದಾರಿಯಲ್ಲಿ, ಐಸ್ ಕೊರೆಯುವ ಆಗರ್ ಮತ್ತು ಎರಡು ಗಾಳ ಹಾಕಿಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಹಿಂದೆ ಜಾರುತ್ತಾ ಬರುವ ಸಾಮಾನಿನ ಸ್ಲೆಡ್ಡನ್ನು ಹಗ್ಗದಿಂದ ಎಳೆಯಬೇಡಿ, ಇಳಿಜಾರಿನಲ್ಲಿ ಅದು ನಿಮ್ಮ ಬೆನ್ನಿಗೇ ಬಂದು ಗುದ್ದುತ್ತದೆ. ಸ್ಲೆಡ್ಡನ್ನು ಗಾಡಿಗೆ ಜೋಡಿಸುವ ಗಟ್ಟಿ ಕಬ್ಬಿಣದ ಹಿಚ್ ಹಾಕಿಸಿ. ಸೀಟಿನ ಕೆಳಗೆ ಹೊಸ ಡ್ರೈವ್ ಬೆಲ್ಟ್, ಎರಡು ಪ್ಲಗ್, ಸ್ಟಾರ್ಟರ್ ಹಗ್ಗ ಇರಲಿ.

ಹಗುರ ಗಾಡಿ ಎಂದು ಗಡ್ಡೆಯನ್ನು ನಂಬಬೇಡಿ. ನಡೆಯುವುದಕ್ಕೆ 4 ಇಂಚು, ಸ್ನೋಮೊಬೈಲಿಗೆ 5ರಿಂದ 7 ಇಂಚು ಎನ್ನುವ ಲೆಕ್ಕ ಹೊಸ ಪಾರದರ್ಶಕ ಗಡ್ಡೆಗೆ ಮಾತ್ರ. ಹಾಲಿನಂತೆ ಬೆಳ್ಳಗಿನ ಗಡ್ಡೆಯ ಬಲ ಅದರ ಅರ್ಧ, ಹಾಗಾಗಿ ದಪ್ಪ ಎರಡರಷ್ಟು ಬೇಕು. ನಾನು ದಡದಿಂದಲೇ ಕೊರೆದು ನೋಡುತ್ತಾ ಹೋಗುತ್ತೇನೆ.

ಹೋದ ಚಳಿಗಾಲ ಅದೇ ಕೆರೆ, ಅದೇ ನಡುಭಾಗ, ಮತ್ತೆ ಸ್ಲಷ್. ಈ ಸಲ ಇಳಿದು, ಸುತ್ತಲಿನ ಹಿಮವನ್ನು ಬೂಟಿನಿಂದ ತುಳಿದು ಗಟ್ಟಿ ಮಾಡಿದೆ. ಹಿಂಭಾಗ ಎತ್ತಿ ಪಕ್ಕಕ್ಕೆ ಇಟ್ಟೆ, ಮುಂಭಾಗದ ಸ್ಕೀ ಎಳೆದೆ. ಹತ್ತು ನಿಮಿಷವೂ ಆಗಲಿಲ್ಲ. ಆಚೆ ದಡದ ಹತ್ತಿರ ನಿಲ್ಲಿಸಿ, ಟ್ರ್ಯಾಕ್ ಹೆಪ್ಪುಗಟ್ಟಿ ಹಿಡಿದುಕೊಳ್ಳದಂತೆ ಅಡಿಗೆ ಎರಡು ಕೋಲು ಕೊಟ್ಟು, ಟ್ರ್ಯಾಕಿಗೆ ಅಂಟಿದ ಹಸಿ ಹಿಮ ಕೆರೆದು ತೆಗೆದೆ. ಆಮೇಲೆ ಮೊದಲ ತೂತು ಕೊರೆಯಲು ಶುರು ಮಾಡಿದೆ.